ಅದು ವೈಬ್ ಅಲ್ಲ, ಧೂಳು

ಮೊನ್ನೆ ನಮ್ಮ ಚಿಕ್ಕಮ್ಮನ ಮಗಳು ಟೆರೇಸಿನ ಫೋಟೋ ಒಂದು ಕಳಿಸಿದಳು. ಅದಕ್ಕೆ 'ತೊಂಬತ್ತರ ಅನಿಮೆ' ಫಿಲ್ಟರ್ ಹಾಕಿದ್ದಳು, ಅಂದರೆ ತೊಂಬತ್ತರ ದಶಕದ ಜಪಾನಿ ಕಾರ್ಟೂನಿನ ಥರ ಕಾಣಿಸೋದು. ನೇರಳೆ ಆಕಾಶ, ದೀಪದ ಸುತ್ತ ಮಬ್ಬು ಬೆಳಕು, ಎಲ್ಲದರ ಮೇಲೆ ಸಣ್ಣ ಸಣ್ಣ ಚುಕ್ಕಿ, ಗೀರು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ, ಬಟ್ಟೆ ಒಣಹಾಕುವ ಹಗ್ಗ ಕೂಡ ಚಂದ ಕಾಣುತ್ತಿತ್ತು. ಈ ಚುಕ್ಕಿ ಏನೇ ಅಂತ ಕೇಳಿದೆ. "ಅದೇ ವೈಬ್ ಅಕ್ಕಾ" ಅಂದಳು.

ಅಲ್ಲ ಮಾರಾಯ್ತಿ, ಅದು ಧೂಳು.

ಕಂಪ್ಯೂಟರ್ ಬರುವ ಮುಂಚೆ ಅನಿಮೆ ಪಾತ್ರಗಳನ್ನು ಸೆಲ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೇಲೆ ಮಾಡುತ್ತಿದ್ದರು. ಮುಂದೆ ಗೆರೆ, ಹಿಂದಿನಿಂದ ಬಣ್ಣ. ಆಕಾಶ, ಬೀದಿ, ಮನೆ ಎಲ್ಲ ಬೇರೆ ಕಾಗದದ ಮೇಲೆ, ಪೋಸ್ಟರ್ ಕಲರಿನಲ್ಲಿ. ಒಂದರ ಮೇಲೊಂದು ಇಟ್ಟು, ಮೇಲಿಂದ ಕ್ಯಾಮೆರಾ ಹಿಡಿದು ಒಂದೊಂದೇ ಫ್ರೇಮ್ ತೆಗೆಯಬೇಕು. ಟೀವಿ ಸರಣಿಗಳಿಗೆ ಸಾಮಾನ್ಯವಾಗಿ 16 ಎಂಎಂ ಫಿಲ್ಮ್. ಪ್ಲಾಸ್ಟಿಕ್ಕಿಗೆ ಧೂಳು ಹೇಗೆ ಅಂಟುತ್ತದೆ ಅಂತ ಗೊತ್ತಲ್ವಾ, ಎಷ್ಟು ಒರೆಸಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಇನ್ನು ಆ ಮಬ್ಬು ಬೆಳಕು ಇದೆಯಲ್ಲ, ಅದಕ್ಕೆ ಬೆಳಕು ಬೇಕಾದ ಜಾಗ ಮಾತ್ರ ಬಿಟ್ಟು ಉಳಿದದ್ದನ್ನು ಕಪ್ಪು ಮಾಡಿ, ಕೆಳಗಿನಿಂದ ದೀಪ ಹಾಕಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಶೂಟ್ ಮಾಡುತ್ತಿದ್ದರು. ಒಂದು ಮಿಂಚಿಗೆ ಇಷ್ಟು ಕೆಲಸ!

ರೀಲ್ಸ್‌ನಲ್ಲಿ ಎಲ್ಲರೂ ಕಣ್ಣರಳಿಸಿ ನೋಡುವ ಖಾಲಿ ಬೀದಿ, ಕರೆಂಟ್ ಕಂಬ, ಸುಮ್ನೆ ನಿಂತ ಮೋಡ, ಅದರ ಹಿಂದೆಯೂ ಕಾಸಿನ ಲೆಕ್ಕ ಇದೆ. 1963ರಲ್ಲಿ ಜಪಾನಿನ ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ಅವರ ಕಂಪನಿ 'ಆಸ್ಟ್ರೋ ಬಾಯ್' ಟೀವಿ ಸರಣಿ ಶುರು ಮಾಡಿದಾಗ ವಾರಕ್ಕೊಂದು ಕಂತು ಕೊಡಬೇಕಿತ್ತು, ದುಡ್ಡು ಕಮ್ಮಿ. ಸೆಕೆಂಡಿಗೆ 24 ಫ್ರೇಮ್ ಬೇಕಾದ ಕಡೆ ಒಂದೇ ಚಿತ್ರವನ್ನು ಮೂರು ಫ್ರೇಮ್ ಎಳೆದರು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ, ಕೆಲವು ಕಡೆ ಅದೂ ಇಲ್ಲ. ಆಕಾಶ ತೋರಿಸಿದರೆ ಬಾಯಿ ಆಡಿಸುವ ಖರ್ಚೂ ಉಳಿಯುತ್ತದೆ. ಆಮೇಲೆ ಬಂದ ಒಳ್ಳೆಯ ನಿರ್ದೇಶಕರು ಆ ಸುಮ್ಮನಿರುವಿಕೆಯನ್ನೇ ಕಥೆ ಹೇಳುವ ರೀತಿ ಮಾಡಿಕೊಂಡರು ಅನ್ನಿ. 1992ರಲ್ಲಿ ಶುರುವಾದ 'ಸೈಲರ್ ಮೂನ್' ಸರಣಿಯ ಗುಲಾಬಿ ಸಂಜೆಗಳನ್ನು ನೋಡಿ, ಇವತ್ತಿನ ಅರ್ಧ ವಾಲ್‌ಪೇಪರ್ ಅಲ್ಲಿಂದಲೇ ಬಂದಿದೆ ಅನಿಸುತ್ತದೆ.

ಹಂಚಿಕೊಳ್ಳಬೇಡಿ ಅಂತಲ್ಲ. ಆ ಆಕಾಶಕ್ಕೆ ಬಣ್ಣ ಹಚ್ಚಿದ ಕೈಗೆ ಒಂದು ಹೆಸರಿತ್ತು, ನನ್ನ ಹೊಟ್ಟೆಯುರಿ ಅಷ್ಟೇ. ಜಪಾನಿನ ಗಿಬ್ಲಿ ಸ್ಟುಡಿಯೋದ 1988ರ 'ಟೊಟೊರೊ' ಚಿತ್ರದ ಹಸಿರು ಓಗಾ ಕಜುವೊ ಅವರ ಕಲಾ ನಿರ್ದೇಶನದಲ್ಲಿ ಬಂದದ್ದು. ಆ ಮರಗಳನ್ನು ನೂರು ಪೇಜುಗಳಲ್ಲಿ ನೋಡಿದ್ದೇನೆ, ಅವರ ಹೆಸರು ಹಾಕಿದವರು ಒಬ್ಬಿಬ್ಬರು. ಯೂಟ್ಯೂಬಿನಲ್ಲಿ ಲೋಫೈ ಅನ್ನುವ ಮೆಲ್ಲನೆಯ ಸಂಗೀತದ ಜೊತೆ ಓದುತ್ತಾ ಕೂರುವ ಕಾರ್ಟೂನ್ ಹುಡುಗಿ ಗೊತ್ತಲ್ವಾ? ಮೊದಲು ಅಲ್ಲಿದ್ದದ್ದು 1995ರ ಒಂದು ಗಿಬ್ಲಿ ಚಿತ್ರದ ತುಣುಕು. ಕಾಪಿರೈಟ್ ತಕರಾರಾದ ಮೇಲೆ ಈಗಿನವಳನ್ನು ಬಿಡಿಸಿದ್ದು ಕೊಲಂಬಿಯಾದ ಹುವಾನ್ ಪಾಬ್ಲೊ ಮಚಾದೊ, ಆಗ ಫ್ರಾನ್ಸಿನ ಲಿಯಾನ್‌ನಲ್ಲಿ ಓದುತ್ತಿದ್ದವರು. ಅವಳ ಕಿಟಕಿಯಾಚೆ ಇರುವುದೂ ಲಿಯಾನೇ, ಟೋಕಿಯೊ ಅಲ್ಲ!

2025ರ ಮಾರ್ಚಿನಲ್ಲಿ ಎಲ್ಲರೂ ಎಐನಲ್ಲಿ ಗಿಬ್ಲಿ ಮುಖ ಮಾಡಿಸಿಕೊಂಡಾಗ ನಾನೂ ಸುಮ್ಮನಿರಲಿಲ್ಲ, ಅಮ್ಮನದೊಂದು ಮಾಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಯಾರೇ ಇವಳು? ನನ್ನ ಮೂಗುತಿ ಎಲ್ಲಿ?" ಅಂದರು. ಡಿಲೀಟ್ ಮಾಡಿದೆ.

ಇಷ್ಟೆಲ್ಲ ಕೊರೆದ ಮೇಲೆ ತಂಗಿ ಬೈಯುತ್ತಾಳೆ ಅಂದುಕೊಂಡಿದ್ದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಹಳೇ ಕಂತಿನ ಸ್ಕ್ರೀನ್‌ಶಾಟ್ ಒಂದು ಬಂತು, ಮೂಲೆಯಲ್ಲಿ ಕೆಂಪು ಸುತ್ತು ಹಾಕಿದ್ದಾಳೆ. "ಅಕ್ಕಾ, ಇಲ್ಲೊಂದು ಕೂದಲು ಸಿಕ್ಕಿಹಾಕಿಕೊಂಡಿದೆ! ಯಾರದ್ದಿರಬಹುದು?"