ಬೋಗಿಗೆ ಎರಡು ಬೋಗಿ

ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತು "ಎಸ್ ಫೋರ್ ಬೋಗಿ ಎಲ್ಲಿ ನಿಲ್ತತ್ರೀ?" ಎಂದು ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ. ನಮ್ಮ ಮಾತಿನಲ್ಲಿ ಜನ ಕೂರುವುದೇ ಬೋಗಿ. ರೈಲ್ವೆಯವರ ಲೆಕ್ಕ ಬೇರೆ: ಜನ ಕೂರುವುದು ಕೋಚ್, ಬೋಗಿ ಎಂದರೆ ಅದರ ಹೊಟ್ಟೆಯ ಕೆಳಗಿನ ನಾಲ್ಕು ಚಕ್ರದ ಚೌಕಟ್ಟು, ಕೋಚಿಗೆ ಎರಡು. ಪ್ರಯಾಣಿಕರಿಗೆ ಇದರಿಂದ ಆಗಬೇಕಾದ್ದೇನಿಲ್ಲ. ಮೇಜಿನ ಮೇಲೆ ಮಾದರಿ ರೈಲು ಓಡಿಸುವವರ ತಕರಾರೆಲ್ಲ ಮಾತ್ರ ಕೆಳಗಿನ ಬೋಗಿಯದೇ.

ಕಿಟ್ ತಂದು ಜೋಡಿಸಬೇಕೋ, ಸಿದ್ಧ ಕೋಚನ್ನೇ ಕೊಳ್ಳಬೇಕೋ ಎಂಬ ಚರ್ಚೆ ಯಾವಾಗಲೂ ಬಣ್ಣದಿಂದ ಶುರುವಾಗುತ್ತದೆ. ಸಿದ್ಧ ಕೋಚಿನ ಮೇಲಿನ ಸಣ್ಣ ಅಕ್ಷರ, ಪಟ್ಟಿಯ ನೇರ ಅಂಚು ನಮ್ಮ ಕೈಗೆ ಬರುವಂಥದ್ದಲ್ಲ, ಒಪ್ಪಿಕೊಂಡುಬಿಡೋಣ. ಆದರೆ ಕೋಚನ್ನು ಮಗುಚಿ ನೋಡದೆ ದುಡ್ಡು ಕೊಡಬಾರದು. ಮಾದರಿ ರೈಲಿನ ಎಚ್‌ಒ ಅಳತೆಯೆಂದರೆ ನಿಜದ 87ರಲ್ಲಿ ಒಂದು ಪಾಲು. ಚೆನ್ನೈನ ಐಸಿಎಫ್ ಕಾರ್ಖಾನೆಯ ನಮ್ಮ ಹಳೆಯ ಕೋಚಿನ 21.3 ಮೀಟರ್ ಉದ್ದ ಅಲ್ಲಿ 24.5 ಸೆಂಟಿಮೀಟರ್. ಎರಡು ಹಳಿಗಳ ನಡುವಿನ ಅಂತರದ ವಿಚಾರದಲ್ಲಿ ಲೆಕ್ಕ ತಪ್ಪುತ್ತದೆ. ಬ್ರಾಡ್‌ಗೇಜಿನ 1676 ಮಿಲಿಮೀಟರಿಗೆ 19ಕ್ಕಿಂತ ಸ್ವಲ್ಪ ಹೆಚ್ಚು ಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ದೊಡ್ಡ ಹೊಟ್ಟೆಯವರು ಮಕ್ಕಳ ಚಪ್ಪಲಿ ಮೆಟ್ಟಿದ ಹಾಗೆ ಕಾಣುತ್ತದೆ. ಮೀಟರ್‌ಗೇಜ್ ಕಾಲದ ದುರ್ಗದ ರೈಲು ಮಾಡುವವರೇ ಪುಣ್ಯವಂತರು: ಅವರಿಗೆ ಬೇಕಾದ್ದು 11.5, ಸಿಗುವುದು 12.

ಸಿದ್ಧ ಕೋಚಾಗಲಿ ಕಿಟ್ಟಾಗಲಿ, ಮೊದಲು ತಕ್ಕಡಿಗೆ ಇಡಬೇಕು. ಅಮೆರಿಕದ ಹವ್ಯಾಸಿಗಳ ಸಂಘ ಹಾಕಿಕೊಟ್ಟ ಲೆಕ್ಕ ಸುಲಭದ್ದು: 28 ಗ್ರಾಂ, ಅದರ ಮೇಲೆ ಕೋಚಿನ ಉದ್ದದ ಪ್ರತಿ ಇಂಚಿಗೆ 14 ಗ್ರಾಂ. ನಮ್ಮ ಕೋಚಿಗೆ ಸುಮಾರು 165 ಗ್ರಾಂ ಆಗುತ್ತದೆ. ಹಗುರಾದ ಕೋಚ್ ತಿರುವಿನಲ್ಲಿ ಒಳಕ್ಕೆ ವಾಲಿ ಬೀಳುತ್ತದೆ. ಭಾರವನ್ನು ಕೋಚಿನ ನೆಲದ ಮೇಲೆಯೇ, ಎರಡು ಬೋಗಿಗಳ ನಡುವೆ ಹಂಚಿ ಅಂಟಿಸಬೇಕು. ಸೀಸದ ಗುಂಡನ್ನು ಫೆವಿಕಾಲಿನಲ್ಲಿ ಕೂರಿಸಿದರೆ ವರ್ಷಗಳ ಮೇಲೆ ಸೀಸ ಉಬ್ಬಿ ಗೋಡೆಯನ್ನೇ ಸೀಳೀತು. ಕಬ್ಬಿಣದ ಪಟ್ಟಿ, ಎರಡು ಕಡೆ ಅಂಟುವ ಟೇಪು ಸಾಕು.

ಇನ್ನು ಬೋಗಿ, ಅದನ್ನು ಕೋಚಿಗೆ ಹಿಡಿದಿಡುವುದು ಒಂದು ಸ್ಕ್ರೂ. ಕಿಟ್ಟಿನ ಚೀಟಿಯಲ್ಲಿ "ಸ್ಕ್ರೂ ಬಿಗಿಯಿರಿ" ಎಂದಷ್ಟೇ ಇರುತ್ತದೆ, ಕೆಟ್ಟ ಸಲಹೆ. ಎರಡನ್ನೂ ಬಿಗಿದರೆ ಕೋಚ್ ನಾಲ್ಕು ಕಾಲಿನ ಕುಂಟ ಸ್ಟೂಲಿನಂತೆ, ಹಳಿ ಕೊಂಚ ತಗ್ಗಿದಲ್ಲಿ ಒಂದು ಚಕ್ರ ಗಾಳಿಯಲ್ಲಿ. ಎರಡನ್ನೂ ಸಡಿಲಿಸಿದರೆ ತೂಗಾಡುತ್ತದೆ. ಒಂದು ಬೋಗಿ ಎಡಬಲ ತಿರುಗಬೇಕು, ಪಕ್ಕಕ್ಕೆ ವಾಲಬಾರದು. ಇನ್ನೊಂದರ ಸ್ಕ್ರೂ ಅರ್ಧ ಸುತ್ತು ಸಡಿಲವಾಗಿ, ಎತ್ತ ಬೇಕಾದರೂ ಒಲೆಯಬೇಕು. ಮೂರು ಕಲ್ಲಿನ ಒಲೆ ಅಲುಗುವುದಿಲ್ಲವಲ್ಲ, ಅದೇ ನ್ಯಾಯ. ಆಮೇಲೆ 100ಕ್ಕೆ 2ರ ಇಳಿಜಾರಿನಲ್ಲಿ ಬಿಡಿ. ತಾನೇ ಉರುಳದಿದ್ದರೆ ಚಕ್ರದ ಅಚ್ಚಿನ ಮೊನೆ ಬಿಗಿಯಾಗಿದೆ ಎಂದೇ ಅರ್ಥ.

ತಿರುವಿನದು ಬೇರೆಯೇ ಗೋಳು. ನಿಜವಾದ ಬ್ರಾಡ್‌ಗೇಜಿನಲ್ಲಿ ತ್ರಿಜ್ಯ 175 ಮೀಟರಿಗಿಂತ ಕಡಿಮೆ ಇರಬಾರದು, ಮಾದರಿಯಲ್ಲಿ ಅದು 2 ಮೀಟರ್. ಆಟಿಕೆ ಸೆಟ್ಟಿನ ತಿರುವು 46 ಸೆಂಟಿಮೀಟರ್! ಪೂರ್ತಿ ಉದ್ದದ ಕೋಚಿಗೆ 60 ಆದರೂ ಬೇಕು. ಕೆಲವು ಸಿದ್ಧ ಕೋಚುಗಳು ಕೋಚಿಗೆ ಕೋಚು ಕೂಡಿಸುವ ಕಪ್ಲಿಂಗನ್ನು ಬೋಗಿಗೇ ಕಟ್ಟಿ ಸಣ್ಣ ತಿರುವಿನಲ್ಲಿ ಹೇಗೋ ನುಸುಳುತ್ತವೆ, ಹಿಂದಕ್ಕೆ ತಳ್ಳಿದಿರೋ ಹಳಿ ತಪ್ಪಿದವೆಂದೇ ಲೆಕ್ಕ.

ಕಿಟ್ಟಿಗೆ ನಮ್ಮೂರಿನ ಹವೆಯೂ ಶತ್ರು. ಏಪ್ರಿಲ್ಲಿನ ದಾವಣಗೆರೆಯಲ್ಲಿ ಸ್ಪ್ರೇ ಬಣ್ಣ ಗಾಳಿಯಲ್ಲೇ ಒಣಗಿ ರವೆ ಉದುರಿದಂತೆ ಕೂರುತ್ತದೆ. ಮಳೆಗಾಲದಲ್ಲಿ ಬಿಳುಚಿಕೊಳ್ಳುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ; ಅಲ್ಲಿ ಮಹಡಿಯ ಮೇಲೆ ಬಣ್ಣ ಹೊಡೆದರೆ ಕೋಚಿಗೆ ಧೂಳಿನ ಕೋಟು ಉಚಿತ. ಬಿಡಿಭಾಗಗಳನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಬೆಣ್ಣೆದೋಸೆ ತಿಂದ ಕೈಯಲ್ಲಿ ಮುಟ್ಟದಿರಿ, ಜಿಡ್ಡಿನ ಮೇಲೆ ಪ್ರೈಮರ್ ನಿಲ್ಲದು. ಅಕ್ಷರದ ಸ್ಟಿಕ್ಕರ್ ಹೊಳಪಿನ ಬಣ್ಣದ ಮೇಲೆಯೇ ಅಂಟಬೇಕು, ಮಂಕು ಬಣ್ಣದ ಮೇಲೆ ಒಳಗೆ ಗಾಳಿ ಉಳಿದು ಬೆಳ್ಳಗೆ ಮಿನುಗುತ್ತದೆ. ಮಂಕು ವಾರ್ನಿಶ್ ಅದಾದ ಮೇಲೆ. ಕಿಟಕಿಯ ಗಾಜು ಎಲ್ಲಕ್ಕೂ ಕೊನೆಗೆ, ಅದೂ ಫೆವಿಕಾಲಿನಲ್ಲಿ. ಸೂಪರ್‌ಗ್ಲೂ ಹಾಕಿದರೆ ಅದರ ಆವಿಗೆ ಗಾಜೆಲ್ಲ ಮಂಜುಮಂಜು.

ಒಂದು ಕಿಟ್ ಸಂತೋಷ, ಎಂಟು ಕಿಟ್ ಕೂಲಿ. ಮೊದಲನೆಯದಕ್ಕೆ ತೋರಿದ ತಾಳ್ಮೆ ನಾಲ್ಕನೆಯದಕ್ಕೆ ಇರುವುದಿಲ್ಲ. ಎಂಟಕ್ಕೂ ಒಂದೇ ದಿನ, ಒಂದೇ ಡಬ್ಬಿಯ ಬಣ್ಣ ಹೊಡೆಯದಿದ್ದರೆ ರೈಲು ನೀಲಿಯ ಎಂಟು ಬಗೆಗಳ ಮೆರವಣಿಗೆಯಾದೀತು. ಹಾಗಾಗಿ ನಾಲ್ಕು ಕೊಂಡು ನಾಲ್ಕು ಕಟ್ಟುವುದೇ ಸರಿ. ಎಂಟು ಬೋಗಿಯ ರೈಲಿಗೆ ಹದಿನಾರು ಬೋಗಿ. ಸ್ಕ್ರೂ ಮಾತ್ರ ಹದಿನೇಳು ಇಟ್ಟುಕೊಳ್ಳಿ, ಒಂದು ಸೋಫಾದ ಅಡಿಗೆ ಹೋಗಿಯೇ ಹೋಗುತ್ತದೆ.