ಬಕೆಟ್ ತುಂಬ ಲಿಂಕನ್

ಎರಡು ಸೆಂಟ್ ಹೋದರೆ ಯಾರೂ ಬೀದಿಗೆ ಬೀಳುವುದಿಲ್ಲ, ಒಪ್ಪಿದೆ. ಆದರೆ ಮನೆಯ ಕ್ಲಾಸೆಟ್‌ನಲ್ಲಿ ಎರಡು ಬಕೆಟ್ ಪೆನ್ನಿ, ಅಂದರೆ ಒಂದು ಸೆಂಟಿನ ನಾಣ್ಯ, ಕೂತಿರುವಾಗ, ಅಂಗಡಿಯ ಹುಡುಗಿ "ಪೆನ್ನಿ ಇಲ್ಲ, ರೌಂಡ್ ಮಾಡ್ತೀನಿ" ಅಂತ 7.98 ಡಾಲರ್ ಬಿಲ್ಲಿಗೆ ಪೂರ್ತಿ 8 ಡಾಲರ್ ಮುರಿದುಕೊಂಡರೆ ಹೊಟ್ಟೆ ಉರಿಯುತ್ತೋ ಇಲ್ಲವೋ, ನೀವೇ ಹೇಳಿ.

ಅಮೆರಿಕದಲ್ಲಿ ಇರುವವರಿಗೆ ಇದೇನು ಹೊಸ ಸುದ್ದಿಯಲ್ಲ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿ ಹೊಡೆದು ಕೈ ತೊಳೆದುಕೊಂಡರು. 1793ರಿಂದ ನಡೆದು ಬಂದಿದ್ದ ನಾಣ್ಯ. 2024ರ ಲೆಕ್ಕದಲ್ಲಿ ಒಂದು ಸೆಂಟಿನ ನಾಣ್ಯ ತಯಾರಿಸಲು 3.69 ಸೆಂಟ್ ಖರ್ಚಾಗುತ್ತಿತ್ತಂತೆ. ಪೆನ್ನಿಗೆ ಬೆಲೆ ಈಗಲೂ ಇದೆ, ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಆದರೆ ವಾಪಸ್ ಕೊಡಲು ಅವರ ಗಲ್ಲಾಪೆಟ್ಟಿಗೆಯಲ್ಲಿ ಇಲ್ಲ. ಹಾಗಾಗಿ ಕೌಂಟರ್ ಮೇಲೆ ಒಂದು ಚೀಟಿ: ದಯವಿಟ್ಟು ಸರಿಯಾದ ಚಿಲ್ಲರೆ ಕೊಡಿ. ಈ ಫಲಕವನ್ನು ಬೆಂಗಳೂರಿನ ಸಿಟಿ ಬಸ್ಸಿನಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದೆ. ಅದೂ ವೀಸಾ ಮಾಡಿಸಿಕೊಂಡು ನನ್ನ ಹಿಂದೆಯೇ ಬಂದಿದೆ.

ಮನೆಗೆ ಬಂದವಳೇ ಕ್ಲಾಸೆಟ್ ಬಾಗಿಲು ತೆಗೆದೆ. "ರೀ, ಇದ್ರಲ್ಲಿ ಒಂದು ಹಿಡಿ ಪರ್ಸಿಗೆ ಹಾಕ್ಕೋತೀನಿ."

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮನುಷ್ಯ ಎದ್ದು ಓಡಿ ಬಂದರು. ಕುಕ್ಕರ್ ಐದು ಸಲ ಕೂಗಿದರೂ ಏಳದವರು. "ಅಯ್ಯೋ, ಮುಟ್ಬೇಡ! ಅದು ತಾಮ್ರ ಕಣೇ!"

ವಿಷಯ ಇಷ್ಟು. 1982ರ ಒಂದಷ್ಟು ತಿಂಗಳವರೆಗೆ ಹೊಡೆದ ಪೆನ್ನಿಯಲ್ಲಿ ನೂರಕ್ಕೆ 95 ಪಾಲು ತಾಮ್ರ. ತೂಕ 3.11 ಗ್ರಾಂ. ತಾಮ್ರ ತುಟ್ಟಿಯಾಯಿತು ಅಂತ ಆ ವರ್ಷ ಒಳಗೆ ಸತು ತುಂಬಿ ಮೇಲೆ ತೆಳ್ಳಗೆ ತಾಮ್ರ ಬಳಿದರು. ಈಗಿನದರಲ್ಲಿ ತಾಮ್ರ ನೂರಕ್ಕೆ ಎರಡೂವರೆ ಪಾಲು, ತೂಕವೂ 2.5 ಗ್ರಾಂ. ಮುಖ ಮಾತ್ರ ಅದೇ ಲಿಂಕನ್. 1909ರಿಂದ ಪಾಪ, ಒಂದೇ ಕಡೆ ನೋಡುತ್ತಾ ಕೂತಿದ್ದಾರೆ.

ನಮ್ಮನೆಯವರ ಲೆಕ್ಕ ಹೀಗೆ. ಸುಮಾರು 154 ಹಳೆ ಪೆನ್ನಿ ಸೇರಿಸಿದರೆ ಒಂದು ಪೌಂಡ್ ತಾಮ್ರ. ಪೌಂಡಿಗೆ 5 ಡಾಲರ್ ಎಂದಿಟ್ಟುಕೊಂಡರೂ 1.54 ಡಾಲರ್ ಹಾಕಿ 5 ಡಾಲರ್ ಎತ್ತಿದ ಹಾಗಾಯಿತು. ಒಂದಕ್ಕೆ ಮೂರು! "ಯಾವ ಬ್ಯಾಂಕ್ ಕೊಡುತ್ತೆ ಹೇಳು?" ಎಂದು ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆ ಒಂದಕ್ಕೆ ಮೂರು ಕೈಗೆ ಬರುವುದು ಹೇಗೆ ಎಂದರೆ ಮಾತು ಬದಲಾಯಿಸುತ್ತಾರೆ.

ಯಾಕೆಂದರೆ ಕರಗಿಸುವಂತಿಲ್ಲ. 2006ರ ಡಿಸೆಂಬರ್‌ನಲ್ಲೇ ಇಲ್ಲಿನ ಸರಕಾರ ನಿಯಮ ತಂದಿತು. ಪೆನ್ನಿ ಮತ್ತು ಐದು ಸೆಂಟಿನ ನಾಣ್ಯ ಕರಗಿಸಿದರೆ 10,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು, ಎರಡೂ ಆದರೂ ಆಗಬಹುದು. ಹಾಗಿದ್ದರೆ ಇದನ್ನು ಕೊಳ್ಳುವವರು ಯಾರು? ಮುಂದೆ ಯಾವತ್ತೋ ಕರಗಿಸಲು ಬಿಡುತ್ತಾರೆ ಎಂದು ನಂಬಿದ ಇನ್ನೊಬ್ಬರ ಗಂಡ. ಇವರಿಗೆ ಅವರು, ಅವರಿಗೆ ಇವರು. ಅದೂ ಕಿಲೋಗಟ್ಟಲೆ ಭಾರದ ಪಾರ್ಸೆಲ್, ಅಂಚೆ ಖರ್ಚಿಗೇ ಅರ್ಧ ಲಾಭ ಸಮರ್ಪಣೆ.

ಇಷ್ಟಾದರೂ ಈ ಹುಚ್ಚು ಒಂದು ಸಣ್ಣ ಡಬ್ಬಿಯಲ್ಲೇ ಮುಗಿಯುತ್ತಿತ್ತು. ಅದನ್ನು ಗೃಹ ಕೈಗಾರಿಕೆ ಮಟ್ಟಕ್ಕೆ ಏರಿಸಿದವರು ನಮ್ಮ ಮಾವನವರು.

ಮಾವ, ಅತ್ತೆ ಕಳೆದ ಬೇಸಿಗೆಯಲ್ಲಿ ಬಂದಿದ್ದರು. ಅಪ್ಪ ಅಮ್ಮ ಅಮೆರಿಕಕ್ಕೆ ಬಂದ ಮನೆಗಳ ಪಾಡು ನಿಮಗೆ ಗೊತ್ತೇ ಇದೆ. ಮೊದಲ ವಾರ ಊರು ನೋಡುವುದು. ಆಮೇಲೆ ಕಿಟಕಿ ನೋಡುವುದು. ಮಾವನಿಗೆ ಕಾರು ಓಡಿಸಲು ಬಾರದು, ನಡೆದು ಹೋಗಿ ಪೇಪರ್ ತರಲು ಅಂಗಡಿ ಇಲ್ಲ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಮಗ ಒಂದು ಸಂಜೆ ಪೆನ್ನಿ ರೋಲ್ ತಂದು ಮುಂದಿಟ್ಟು, "ಅಪ್ಪಾ, ಇದ್ರಲ್ಲಿ 82ಕ್ಕಿಂತ ಹಿಂದಿನವು ಬೇರೆ ಮಾಡ್ತೀರಾ?" ಎಂದರು. ಆ ಮುಖದಲ್ಲಿ ಬಂದ ಕಳೆ ನೋಡಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಹತ್ತು ಗಂಟೆಗೆ ಸರಿಯಾಗಿ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಡ್ಯೂಟಿಗೆ ಕೂತರು.

ಮೊದಮೊದಲು ಭೂತಗನ್ನಡಿ ಹಿಡಿದು ಇಸವಿ ಓದುತ್ತಿದ್ದರು. ಕಣ್ಣು ನೋವು ಬಂತು. ಆಗ ಹಳೆಯ ವಿದ್ಯೆ ನೆನಪಾಯಿತು. "ಖೋಟಾ ರೂಪಾಯಿನ ಸದ್ದಲ್ಲೇ ಹಿಡಿದವನಮ್ಮ ನಾನು" ಎಂದು ಒಂದೊಂದೇ ಪೆನ್ನಿಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬೀಳಿಸತೊಡಗಿದರು. ಹಳೆಯದು ಟಿಣ್ ಎನ್ನುತ್ತದೆ, ಒಂದು ಗಳಿಗೆ ಗುಂಯ್ಗುಡುತ್ತದೆ. ಹೊಸದು ಟಪ್ ಅಂತ ಬಿದ್ದು ಸುಮ್ಮನಾಗುತ್ತದೆ. ನಿಜಕ್ಕೂ ವ್ಯತ್ಯಾಸ ಇದೆ, ಬೇಕಾದರೆ ನೀವೇ ಬೀಳಿಸಿ ನೋಡಿ. ಆದರೆ ದಯವಿಟ್ಟು ಒಂದೆರಡು ಸಲ ಸಾಕು.

ನನ್ನ ಆಫೀಸ್ ಮೇಜು ಇರುವುದು ಆ ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ.

ಟಿಣ್. "ತಾಮ್ರ!" ಟಪ್. "ಸತು!" ಟಪ್. "ಸತು!" ಮಾವ ಕೂಗಿ ಹೇಳಬೇಕು, ಅತ್ತೆ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಲೆಕ್ಕ ಇಡಬೇಕು. ಅತ್ತೆಗೆ ಎಡಗಿವಿ ಸ್ವಲ್ಪ ಮಂದ. "ರೀ, ಜೋರಾಗಿ ಹೇಳೀಂದ್ರೆ!"

"ಮಾವಾ, ಮೀಟಿಂಗ್ ಇದೆ" ಎಂದೆ. "ಆಯ್ತಮ್ಮ, ಮೆಲ್ಲಗೆ ಬೀಳಿಸ್ತೀನಿ" ಎಂದರು. ಬೀಳಿಸುವುದು ಮೆಲ್ಲಗಾಯಿತು. ಕೂಗು ಹಾಗೇ ಇತ್ತು.

ಆ ದಿನ ತ್ರೈಮಾಸಿಕ ವರದಿ ಒಪ್ಪಿಸುವ ಸರದಿ ನನ್ನದು. ಬೇರೆಯವರು ಮಾತಾಡುವಾಗ ಮ್ಯೂಟ್ ಮಾಡಿಕೊಂಡಿದ್ದೆ. ನನ್ನ ಮಾತಿಗೆ ಮ್ಯೂಟ್ ತೆಗೆಯಲೇಬೇಕಲ್ಲ? "ಏಪ್ರಿಲ್ ತಿಂಗಳಲ್ಲಿ ನಮ್ಮ ಮಾರಾಟ" ಎಂದೆ. ಟಪ್. "ಸತು!" "ಮೇ ತಿಂಗಳಲ್ಲಿ ಸ್ವಲ್ಪ ಚೇತರಿಸಿಕೊಂಡು" ಎಂದೆ. ಟಿಣ್. "ತಾಮ್ರ!" ಜೂನ್ ತಿಂಗಳಿಗೆ ಬಾಯಿ ತೆಗೆಯುವ ಮೊದಲೇ ಟಪ್, ಟಪ್, "ಎರಡೂ ಸತು!" ಆಣೆ ಮಾಡಿ ಹೇಳುತ್ತೇನೆ, ಜೂನ್ ಅಂಕಿಗಳು ನಿಜವಾಗಿಯೂ ಹಾಗೇ ಇದ್ದವು. ಒಬ್ಬ ಸಹೋದ್ಯೋಗಿ, ಅದು ಧ್ಯಾನದ ಗಂಟೆಯಾ ಎಂದು ಬಹಳ ಗೌರವದಿಂದ ಕೇಳಿದ. ಮ್ಯಾನೇಜರ್ ಮಾತ್ರ ಚುರುಕು, ಸತು ಅಂದರೇನು ಎಂದಳು. ಹೇಳಿದೆ. ಅವತ್ತಿನಿಂದ ನಮ್ಮ ಟೀಮಿನಲ್ಲಿ ಯಾವ ತಿಂಗಳು ಕೆಟ್ಟರೂ "ಈ ತಿಂಗಳು ಸತು" ಅಂತಲೇ ಮಾತು. ಕನ್ನಡದ ಪ್ರಚಾರಕ್ಕೆ ನಮ್ಮ ಮನೆತನದ ಕಾಣಿಕೆ ಇದು, ಯಾರಾದರೂ ಬರೆದಿಟ್ಟುಕೊಳ್ಳಿ.

1982 ಮಾತ್ರ ಕಿರಿಕಿರಿಯ ವರ್ಷ. ಆ ವರ್ಷ ಎರಡೂ ಬಗೆ ಹೊಡೆದಿದ್ದಾರೆ. ಮಾವನ ಕಿವಿಯ ಮೇಲೆ ಮಗನಿಗೆ ನಂಬಿಕೆ ಇಲ್ಲ. ನನ್ನ ಅಡುಗೆಮನೆಯ ತಕ್ಕಡಿಗೆ ಇಟ್ಟರು. ಅದು ಪೂರ್ತಿ ಗ್ರಾಂ ಮಾತ್ರ ತೋರಿಸುವ ತಕ್ಕಡಿ. ಎರಡೂವರೆ ಗ್ರಾಮಿನದಕ್ಕೆ ಒಮ್ಮೆ 2 ಎನ್ನುತ್ತದೆ, ಒಮ್ಮೆ 3. ಅಪ್ಪ ಮಗನಿಗೆ ಜಗಳವಾಯಿತು. ಕೊನೆಗೆ ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬಂತು, 20 ಡಾಲರ್. ನಾನು ಲೆಕ್ಕ ಹಾಕಿದೆ. ಒಂದು ಪೆನ್ನಿಗೆ ಸುಮಾರು ಎರಡು ಸೆಂಟ್ ಲಾಭ. ತಕ್ಕಡಿಯ ದುಡ್ಡು ಹುಟ್ಟಬೇಕಾದರೆ ಸಾವಿರ ತಾಮ್ರದ ಪೆನ್ನಿ ಬೇಕು. ಐವತ್ತರ ಒಂದು ರೋಲಿನಲ್ಲಿ ಹತ್ತು ಸಿಕ್ಕರೆ ಹಬ್ಬ. ಮಿಕ್ಕ ನಲವತ್ತನ್ನು ಮತ್ತೆ ಸುತ್ತಿ ಬೇರೆ ಬ್ಯಾಂಕಿಗೆ ಹಾಕಬೇಕು. ತಂದ ಬ್ಯಾಂಕಿಗೇ ಹಾಕಿದರೆ ನಾಳೆ ಅದೇ ಸತು ನಮ್ಮ ಮನೆಗೇ ಬರುತ್ತದಲ್ಲ! ಹೀಗೆ ಒಂದು ಬ್ಯಾಂಕಿನಿಂದ ಹೊತ್ತು ಇನ್ನೊಂದಕ್ಕೆ ಹಾಕುವ ಪೆಟ್ರೋಲಿನ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನು ಕೇಳಿದರೆ, "ಹೇಗೂ ಆ ಕಡೆ ಹೋಗ್ತೀವಲ್ಲ" ಎನ್ನುತ್ತಾರೆ. ಯಾವ ಕಡೆ?

ಅತ್ತೆ ಸುಮ್ನೆ ಕೂರುವವರಲ್ಲ. ಒಂದು ಮಧ್ಯಾಹ್ನ, ಗೆರೆ ಎಳೆದು ಬೇಜಾರಾಗಿ, ಬಕೆಟ್‌ನಿಂದ ಒಂದು ಬೊಗಸೆ ತೆಗೆದು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಬಿಟ್ಟರು. ಪೂಜೆ ಪಾತ್ರೆ ತೊಳೆದ ಕೈ, ಕೇಳಬೇಕೆ? ಸಿಂಕಿನ ಪಕ್ಕ ಟವೆಲ್ ಮೇಲೆ ಸಾಲಾಗಿ ಹರಡಿದ ಲಿಂಕನ್‌ಗಳು ಮದುವೆಗೆ ಹೊರಟ ಹಾಗೆ ಮಿಂಚುತ್ತಿದ್ದರು. ಸಂಜೆ ಮಗ ಬಂದು ತಲೆ ತಲೆ ಚಚ್ಚಿಕೊಂಡರು. ಅದರಲ್ಲಿ 1959ಕ್ಕೆ ಹಿಂದಿನವೂ ಇದ್ದವು, ಹಿಂಬದಿಯಲ್ಲಿ ಗೋಧಿ ತೆನೆ ಇರುವಂಥವು. ಸಂಗ್ರಹಕಾರರು ತಿಕ್ಕಿದ ನಾಣ್ಯ ಮುಟ್ಟುವುದಿಲ್ಲ, ಬೆಲೆ ಬಿದ್ದುಹೋಗುತ್ತದೆ. ಅತ್ತೆ ಶಾಂತವಾಗಿ ಕೇಳಿದರು: "ಕರಗಿಸೋಕೆ ತಾನೇ ಕಣೋ ಇಟ್ಟಿರೋದು? ತೊಳೆದ ತಾಮ್ರ ಕರಗಲ್ವಾ?"

ಇದಕ್ಕೆ ಇವತ್ತಿನವರೆಗೂ ಉತ್ತರ ಬಂದಿಲ್ಲ.

ಮಾವನ ಕೈಗೆ ಒಂದು ದಿನ 1943ರ ಪೆನ್ನಿ ಸಿಕ್ಕಿತು. ತಾಮ್ರದ್ದಲ್ಲ, ಬೂದು ಬಣ್ಣ, ಅಯಸ್ಕಾಂತಕ್ಕೆ ಪಟಕ್ಕನೆ ಅಂಟಿಕೊಂಡಿತು. ಯುದ್ಧದ ವರ್ಷ, ತಾಮ್ರ ಮದ್ದುಗುಂಡಿಗೆ ಬೇಕಿತ್ತು ಅಂತ ಉಕ್ಕಿನಲ್ಲಿ ಹೊಡೆದದ್ದು. ಮಾವ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತರು. "ನಮ್ಮ ತೂತಿನ ಕಾಸೂ ಆ ವರ್ಷದ್ದೇ" ಎಂದರು. ಹೌದು, ನಮ್ಮಲ್ಲಿಯೂ ಆಗ ಲೋಹ ಉಳಿಸಬೇಕಿತ್ತು. ಅಮೆರಿಕದವರು ಉಕ್ಕು ಹಾಕಿದರು, ನಮ್ಮಲ್ಲಿ ನಡುವೆ ತೂತು ಕೊರೆದರು. ಮಾವನ ಅಮ್ಮ ಒಂದು ಡಬ್ಬಿ ತುಂಬ ಅಂಥ ಕಾಸು ಕೂಡಿಟ್ಟಿದ್ದರಂತೆ. 1957ರಲ್ಲಿ ನಯಾ ಪೈಸೆ ಬಂದ ಮೇಲೆ ಸ್ವಲ್ಪ ವರ್ಷ ಕಾದು, ಇನ್ನು ಇದು ನಡೆಯುವುದಿಲ್ಲ ಎಂದು ಗೊತ್ತಾದಾಗ, ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಒಂದು ಚೊಂಬು ತಂದರಂತೆ. ಮಾವ ಆಗ ಸಣ್ಣ ಹುಡುಗ. ಅಂಗಡಿಯವನು ಕಾಸನ್ನೆಲ್ಲ ತಕ್ಕಡಿಗೆ ಸುರಿದ ಸದ್ದು ಇನ್ನೂ ಕಿವಿಯಲ್ಲಿದೆ ಎಂದರು. ಮದುವೆಯಾದ ಹೊಸದರಲ್ಲಿ ನಾನೂ ಆ ಚೊಂಬಿನಿಂದ ನೀರು ಕುಡಿದಿದ್ದೇನೆ, ಕಾಸಿನದು ಅಂತ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಮಾವ ಮತ್ತೆ ಪೆನ್ನಿ ಬೀಳಿಸಲಿಲ್ಲ. ನನಗೆ ಮೀಟಿಂಗ್ ಇತ್ತು, ಮನೆ ನಿಶ್ಶಬ್ದ, ಆದರೂ ಒಂದು ಮಾತೂ ತಲೆಗೆ ಹೋಗಲಿಲ್ಲ.

ಈ ಚೊಂಬಿನ ಕಥೆಯಿಂದಲೇ ಮುಂದಿನ ಯೋಜನೆ ಹುಟ್ಟಿತು ನೋಡಿ. "ಇಲ್ಲಿ ಕರಗಿಸಬಾರದು ಅಷ್ಟೇ ತಾನೇ? ಊರಿಗೆ ಒಯ್ಯೋಣ!" ಅಪ್ಪ ಮಗ ಇಬ್ಬರೂ ಸಂಭ್ರಮಪಟ್ಟರು. ಆದರೆ ನಿಯಮ ಬರೆದವರು ನಮ್ಮ ಮಾವನಂಥವರನ್ನು ಕಂಡಿದ್ದವರೇ ಇರಬೇಕು. ದೇಶ ಬಿಡುವಾಗ ಸಾಮಾನ್ಯವಾಗಿ ಒಬ್ಬರು ಒಯ್ಯಬಹುದಾದ ಪೆನ್ನಿ ಮತ್ತು ಐದು ಸೆಂಟಿನ ನಾಣ್ಯ ಎಲ್ಲ ಸೇರಿ 5 ಡಾಲರ್. ಅಂದರೆ ತಲೆಗೆ 500 ಪೆನ್ನಿ, ಇಬ್ಬರಿಗೆ ಸಾವಿರ, ಮೂರು ಕಿಲೋಗೆ ಸ್ವಲ್ಪ ಜಾಸ್ತಿ. ಲಾಭ ತಕ್ಕಡಿಯ ಬೆಲೆಗೆ ಸರಿಹೋಗುತ್ತಿತ್ತು! ಮಾವ ಕಾಗದದ ಮೇಲೆ ಬರೆದು ತೋರಿಸಿದರು. ಅತ್ತೆ ಸೂಟ್‌ಕೇಸ್ ತೂಗುತ್ತಿದ್ದವರು ತಲೆಯೂ ಎತ್ತಲಿಲ್ಲ. "ಮೂರು ಕಿಲೋ ಬಾದಾಮಿ ಹಿಡಿಸುತ್ತೆ." ಮಾತುಕತೆ ಅಲ್ಲಿಗೆ ಮುಗಿಯಿತು.

ಅವರು ಊರಿಗೆ ಹೋದರು, ಬಕೆಟ್ ಇಲ್ಲೇ ಉಳಿಯಿತು. ಚಳಿಗಾಲದ ಬೂಟು ಇಡಬೇಕಾದ ಜಾಗದಲ್ಲಿ ಈಗ ತಾಮ್ರ, ಬೂಟು ಬಾಗಿಲ ಬಳಿ, ಬೂಟಿನ ಕೆಸರು ಕಾರ್ಪೆಟ್ ಮೇಲೆ. ಬಕೆಟ್ ಸರಿಸಿ ವ್ಯಾಕ್ಯೂಮ್ ಮಾಡೋಣ ಎಂದರೆ ಹಿಡಿ ಕಿತ್ತುಬಂತು. ಪೆನ್ನಿ ನಿಂತುಹೋದ ಸುದ್ದಿ ಬಂದ ದಿನ ಮಾವ ರಾತ್ರಿಯೇ ವಿಡಿಯೋ ಕಾಲ್ ಮಾಡಿದ್ದರು. "ನಾಣ್ಯವೇ ನಿಂತ ಮೇಲೆ ಕರಗಿಸಬಾರದು ಅನ್ನೋ ಕಾನೂನು ಯಾಕಮ್ಮ? ಇವತ್ತಲ್ಲ ನಾಳೆ ತೆಗೀತಾರೆ, ಬಕೆಟ್ ಮುಟ್ಬೇಡಿ." ಕೆನಡಾದವರು 2012ರಲ್ಲೇ ಪೆನ್ನಿ ನಿಲ್ಲಿಸಿದರು ಎಂಬುದನ್ನೂ ಅವರೇ ಹೇಳಿದರು. ಮಗನಿಗಿಂತ ಅಪ್ಪನೇ ಈಗ ಹೆಚ್ಚು ಓದಿಕೊಂಡಿದ್ದಾರೆ.

ಮೊನ್ನೆ ಮತ್ತೆ ಫೋನ್ ಬಂತು. ಐದು ಸೆಂಟಿನ ನಾಣ್ಯದಲ್ಲಿ ಮುಕ್ಕಾಲು ಪಾಲು ತಾಮ್ರವೇ, ತೂಕ ಬೇರೆ ಪೂರ್ತಿ 5 ಗ್ರಾಂ, ಇಸವಿ ನೋಡಿ ಆರಿಸುವ ರಗಳೆಯೂ ಕಡಿಮೆ. "ಸದ್ದು ಹೇಗಿರುತ್ತೋ ಬಂದು ನೋಡ್ಬೇಕು" ಎಂದರು. ನಮ್ಮನೆಯವರು ಆಗಲೇ ಟಿಕೆಟ್ ನೋಡುತ್ತಿದ್ದಾರೆ. ನಾನು ನನ್ನ ಮೇಜನ್ನು ಮೇಲಿನ ಮಹಡಿಗೆ ಸಾಗಿಸುತ್ತಿದ್ದೇನೆ.