ಹಾದಿ ದಾನ ಮಾಡುವ ಕರ್ಣರು

ಹುಬ್ಬಳ್ಳಿ-ಧಾರವಾಡ ಮಂದಿಗೆ ಔದಾರ್ಯ ಸ್ವಲ್ಪ ಜಾಸ್ತಿ. ಚಾ ಕುಡಿಯದೆ ಎದ್ದರೆ ಬಿಡುವುದಿಲ್ಲ, ಗಿರಮಿಟ್ ಬೇಡ ಅಂದರೆ ಬೇಜಾರಾಗುತ್ತಾರೆ. ಇದು ಮನೆಯಲ್ಲಿ ಇದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ಈಗ ಸ್ಟೇರಿಂಗ್ ಹಿಂದೆ ಬಂದು ಕೂತಿದೆ.

ನೀವೂ ನೋಡಿರುತ್ತೀರಿ. ಗೋಕುಲ ರಸ್ತೆಯ ಡಿವೈಡರ್ ಸಂದಿಯಲ್ಲಿ ಒಂದು ಸ್ಕೂಟಿ ಮೂತಿ ಹಾಕಿ ನಿಂತಿರುತ್ತದೆ. ದೊಡ್ಡ ಕಾರಿನ ಸಾಹೇಬರು ಗಕ್ಕನೆ ಬ್ರೇಕ್ ಹಾಕುತ್ತಾರೆ. ಕಿಟಕಿಯಿಂದ ಉಂಗುರದ ಕೈ ಹೊರಗೆ ಬರುತ್ತದೆ. 'ಹೋಗ್ರಿ ಅಕ್ಕಾರ, ಹೋಗ್ರಿ!' ಆಹಾ, ಎಂಥಾ ಮನಸ್ಸು! ಹಿಂದಿನ ಆಟೋ ಅವರ ಡಿಕ್ಕಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪುತ್ತದೆ. ಇರಲಿ ಬಿಡಿ, ಪುಣ್ಯದ ಕೆಲಸದಲ್ಲಿ ಅಷ್ಟು ಆಗುತ್ತದೆ.

ಆದರೆ ಸಾಹೇಬರ ಕೈಯಲ್ಲಿ ಇದ್ದದ್ದು ಒಂದೇ ಲೇನು. ಅವರು ಕೊಟ್ಟಿದ್ದು ಇಡೀ ರಸ್ತೆ. ಅತ್ತೆಯ ಧನ, ಅಳಿಯನ ದಾನ. ಎಡಗಡೆ ಲೇನಿನಲ್ಲಿ ಬರುವ ಬೈಕಿನ ಹುಡುಗನಿಗೆ ಆ ಕೈ ಕಾಣುವುದಿಲ್ಲ. ಕಾರಿನ ಮರೆಯಲ್ಲಿ ಅಕ್ಕನೂ ಕಾಣುವುದಿಲ್ಲ. ಅಕ್ಕನಿಗೆ ಅವನು ಕಾಣುವುದಿಲ್ಲ, ದೊಡ್ಡವರು ಹೋಗು ಅಂದಿದ್ದಾರಲ್ಲ, ಹೊರಟೇ ಬಿಟ್ಟಳು. 40 ಕಿಲೋಮೀಟರ್ ವೇಗದಲ್ಲಿದ್ದರೆ ಬೈಕು ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಬ್ರೇಕ್ ನೆನಪಾಗುವಷ್ಟರಲ್ಲಿ ಆ ಸೆಕೆಂಡ್ ಮುಗಿದಿರುತ್ತದೆ.

ಕೈ ಸನ್ನೆಗೆ ಕಾನೂನಿನಲ್ಲಿ ಜಾಗ ಇರಲಿಲ್ಲ ಅಂತಲ್ಲ. 1989ರ ರಸ್ತೆ ನಿಯಮಗಳಲ್ಲಿ ನಿಧಾನ ಮಾಡಲು, ನಿಲ್ಲಿಸಲು, ತಿರುಗಲು ಸನ್ನೆಗಳಿದ್ದವು. ಹಿಂದಿನವನಿಗೆ ಮುಂದೆ ಹೋಗು ಅನ್ನಲೂ ಒಂದಿತ್ತು. ಅಡ್ಡ ನಿಂತವರಿಗೆ 'ದಾಟ್ರಿ, ನಾ ಅದೇನಿ' ಅನ್ನುವ ಸನ್ನೆ ಮಾತ್ರ ಇರಲಿಲ್ಲ.

ಸನ್ನೆ ಅಂದಾಗ ಲಾರಿಯವರನ್ನು ಮರೆಯಬಾರದು. ಗಬ್ಬೂರು-ನರೇಂದ್ರ ಬೈಪಾಸ್ ಎರಡೇ ಲೇನ್ ಇದ್ದಾಗ ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿತು ಅಂದರೆ 'ಮುಂದ ಖಾಲಿ ಐತಿ, ನೀವು ಹೋಗ್ರಿ' ಅಂತ. ಅಥವಾ 'ನಾನ ಬಲಕ್ಕ ಹೊಳ್ಳಾಕ್ಹತ್ತೇನಿ' ಅಂತ. ಯಾವುದು ಅನ್ನುವುದು ಲಾರಿ ಹೊಳ್ಳಿದ ಮೇಲೆ ತಿಳಿಯುತ್ತಿತ್ತು. ಇದಕ್ಕೆ ಹೋಲಿಸಿದರೆ ನಮ್ಮ ಸಾಹೇಬರು ಎಷ್ಟೋ ವಾಸಿ, ಅವರದು ಒಂದೇ ಅರ್ಥ.

ಇದೇ ಸಾಹೇಬರು ಮುಂದಿನ ಸಿಗ್ನಲ್‌ನಲ್ಲಿ ಜೀಬ್ರಾ ಪಟ್ಟಿಯ ಮೇಲೆಯೇ ಕಾರು ನಿಲ್ಲಿಸುತ್ತಾರೆ. ದಾಟುವ ಅಜ್ಜ ಬಾನೆಟ್ ಸುತ್ತಿ ಹೋಗಬೇಕು. ಹಸಿರು ದೀಪ ಬೀಳುವ ಮೊದಲೇ ಹಾರ್ನ್. ಚಿಗರಿ ಬಸ್ಸಿಗೆ ಅಂತ 22 ಕಿಲೋಮೀಟರ್ ಬೇರೆ ಹಾದಿ ಮಾಡಿ 2020ರಲ್ಲಿ ಉದ್ಘಾಟನೆ ಮಾಡಿದರಲ್ಲ, ಅಲ್ಲಿ ಸಂದಿ ಸಿಕ್ಕರೆ ಅದರಲ್ಲೂ ತೂರುತ್ತಾರೆ. ದಯೆ ಬರುವುದು ನಿಲ್ಲಬಾರದ ಕಡೆ ಮಾತ್ರ.

ಧಡ್ ಅಂತ ಸದ್ದಾದ ಮೇಲೆ ಉಂಗುರದ ಕೈ ಒಳಗೆ ಹೋಗುತ್ತದೆ, ಗ್ಲಾಸ್ ಮೇಲೇರುತ್ತದೆ. 'ಪಾಪ, ನೋಡ್ಕೊಂಡು ಹೋಗಬೇಕಿತ್ತು.' ಪೊಲೀಸರು ಬೈಕಿನವನ ಹೆಸರು ಬರೆಯುತ್ತಾರೆ, ಅಕ್ಕನ ಹೆಸರು ಬರೆಯುತ್ತಾರೆ. ಹಾದಿ ಕೊಟ್ಟವರ ಹೆಸರು ಕೇಳುವವರಿಲ್ಲ. ಅವರು ಅಷ್ಟೊತ್ತಿಗೆ ಏರ್‌ಪೋರ್ಟ್ ದಾಟಿರುತ್ತಾರೆ.

ಸಾಕಾಗಿದೆ ರೀ. ನಿಮ್ಮ ಪಾಳಿ ಇದ್ದರೆ ಸುಮ್ನೆ ಹೋಗಿ. ಆಕೆ ಅರ್ಧ ನಿಮಿಷ ನಿಂತರೆ ಯಾರೂ ಸಾಯುವುದಿಲ್ಲ. ಅಷ್ಟೂ ಕೊಡುವ ಆಸೆ ಇದ್ದರೆ ಜೀಬ್ರಾ ಪಟ್ಟಿ ಬಿಟ್ಟು ಹಿಂದೆ ನಿಲ್ಲಿ. ಆ ಅಜ್ಜ ಇನ್ನೂ ಬಾನೆಟ್ ಮುಂದೆಯೇ ಇದ್ದಾನೆ, ಹಾರ್ನ್ ಹೊಡೆಯಬೇಡಿ.